ಮೊತ್ತ ಒಂದು, ದಾರಿ ಎಷ್ಟು?

ಬ್ಯಾಂಕ್ ಖಾತೆಗೆ 3,670 ರೂಪಾಯಿ ಬಂದಿದೆ. ಕಳಿಸಿದ ಅಂಗಡಿಯ ಹೆಸರಿದೆ, ದಿನಾಂಕವಿದೆ. ಯಾವ ಬಿಲ್ಲಿನ ಹಣ ಎಂಬುದು ಮಾತ್ರ ಇಲ್ಲ. ಸಗಟು ಮಳಿಗೆಯ ಗುಮಾಸ್ತರ ಮುಂದೆ ಆ ಅಂಗಡಿಯವರು ಬಾಕಿ ಉಳಿಸಿಕೊಂಡ ಎಂಟು ಬಿಲ್ಲುಗಳಿವೆ ಎಂದಿಟ್ಟುಕೊಳ್ಳೋಣ: 1,240, 865, 2,330, 475, 1,790, 3,150, 640, 1,425. ಯಾವ್ಯಾವುದನ್ನು ಕೂಡಿದರೆ 3,670 ಆದೀತು?

ಮಾರ್ಚ್ ಕೊನೆಯ ವಾರದಲ್ಲಿ ಲೆಕ್ಕ ತಾಳೆ ನೋಡಲು ಕೂತವರಿಗೆಲ್ಲ ಈ ಪೇಚಾಟ ಗೊತ್ತು. ಬಿಲ್ ನಂಬರ್ ಹೇಳದೆ ಬಂದ ಹಣವನ್ನು ಸದ್ಯಕ್ಕೆ ‘ಆನ್ ಅಕೌಂಟ್’ ಎಂದು ಜಮಾ ಮಾಡಿಕೊಳ್ಳಲು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಟ್ಯಾಲಿಯಂಥ ಸಾಫ್ಟ್‌ವೇರ್‌ನಲ್ಲಿ ಅವಕಾಶವಿದೆ. ಅದರಿಂದ ಅವತ್ತಿನ ಕೆಲಸ ಸಾಗುತ್ತದೆ, ಅಷ್ಟೆ. ಯಾವ ಬಿಲ್ ತೀರಿತು, ಯಾವುದು ಉಳಿಯಿತು ಎಂದು ಒಂದಲ್ಲ ಒಂದು ದಿನ ಬಿಡಿಸಲೇಬೇಕು.

ಕೈಲೆಕ್ಕದಲ್ಲಿ ಹೊರಟವರು ಸಾಮಾನ್ಯವಾಗಿ ದೊಡ್ಡ ಬಿಲ್ಲಿನಿಂದ ಶುರು ಮಾಡುತ್ತಾರೆ. 3,150 ಹಿಡಿದರೆ ಇನ್ನು ಬೇಕಾದದ್ದು 520. ಅಷ್ಟರೊಳಗೆ ಇರುವ ಬಿಲ್ 475 ಒಂದೇ, ಅದನ್ನು ಸೇರಿಸಿದರೂ 45 ರೂಪಾಯಿ ಕಡಿಮೆ ಬೀಳುತ್ತದೆ. ಹಾಗಾಗಿ 3,150 ಬಿಡಬೇಕು. 2,330 ಹಿಡಿದರೆ ಉಳಿಯುವುದು 1,340. 865ಕ್ಕೆ 475 ಕೂಡಿದರೆ ಸರಿಯಾಗಿ 1,340! ಲೆಕ್ಕ ಕೂಡಿಬಂತು ಎಂದು ಗುಮಾಸ್ತರು ಮೂರು ಬಿಲ್ಲಿಗೂ ‘ತೀರಿದೆ’ ಎಂದು ಗುರುತು ಹಾಕಿಬಿಡುತ್ತಾರೆ.

ಅದೇ ಪಟ್ಟಿಯ 1,240, 1,790 ಮತ್ತು 640ನ್ನು ಕೂಡಿದರೂ 3,670 ಬರುತ್ತದೆ.

ಎರಡು ಉತ್ತರಗಳಲ್ಲಿ ಒಂದು ಬಿಲ್ ಕೂಡ ಸಮಾನವಾಗಿಲ್ಲ. ಮೊದಲನೆಯದು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಿದವರಿಗೆ ಎರಡನೆಯದು ಇದೆಯೆಂಬ ಸುಳಿವೂ ಸಿಗುವುದಿಲ್ಲ. ಇಂಥ ಹುಡುಕಾಟಕ್ಕೆ ಪ್ರೋಗ್ರಾಮ್ ಬರೆಯುವವರು ಎಡವುವುದೂ ಹೆಚ್ಚಾಗಿ ಇಲ್ಲಿಯೇ. ಉತ್ತರ ಬೇಗ ಸಿಗಬೇಕೆಂಬ ಅವಸರದಲ್ಲಿ ಉತ್ತರ ಎಷ್ಟಿವೆ ಎಂದು ಕೇಳುವುದನ್ನೇ ಮರೆಯುತ್ತಾರೆ.

ಪ್ರೋಗ್ರಾಮಿನ ಮೊದಲ ರೂಪ ತೀರಾ ಸರಳ. ಪ್ರತಿ ಬಿಲ್ಲಿನ ಎದುರು ಎರಡೇ ಆಯ್ಕೆ: ಸೇರಿಸು ಅಥವಾ ಬಿಡು. ಎಂಟು ಬಿಲ್ಲಿಗೆ ಎರಡನ್ನು ಎಂಟು ಸಲ ಗುಣಿಸಿದಷ್ಟು, ಅಂದರೆ 256 ಜೋಡಣೆಗಳು. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸವೂ ಅಲ್ಲ. ಪಠ್ಯಪುಸ್ತಕದ ಕನ್ನಡದಲ್ಲಿ ಹೇಳುವುದಾದರೆ ಇದು ಒಂದು ಗಣದ ಎಲ್ಲ ಉಪಗಣಗಳ ಮೊತ್ತ ನೋಡುವುದು. ಗಣಕ ವಿಜ್ಞಾನದಲ್ಲಿ ಈ ಸಮಸ್ಯೆಗೆ ‘ಸಬ್‌ಸೆಟ್ ಸಮ್’ ಎಂದೇ ಹೆಸರು.

ಬಿಲ್ಲುಗಳು ಹೆಚ್ಚಿದಂತೆ ಸರಳತೆ ಕೈಕೊಡುತ್ತದೆ. ಸೆಕೆಂಡಿಗೆ ಒಂದು ಕೋಟಿ ಜೋಡಣೆ ಪರೀಕ್ಷಿಸುವ ಪ್ರೋಗ್ರಾಮ್ ಇದೆ ಎಂದುಕೊಂಡರೆ, 20 ಬಿಲ್ಲುಗಳ 10,48,576 ಜೋಡಣೆಗಳು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತವೆ. 30 ಬಿಲ್ಲಿಗೆ ಎರಡು ನಿಮಿಷದ ಹತ್ತಿರ. 40 ಬಿಲ್ಲಿಗೆ ಸುಮಾರು 30 ಗಂಟೆ. 50ಕ್ಕೆ ಮೂರೂವರೆ ವರ್ಷ. 60 ಬಿಲ್ಲಿದ್ದರೆ 3,600 ವರ್ಷಕ್ಕೂ ಮಿಕ್ಕಿ. ಒಂದು ಬಿಲ್ ಹೆಚ್ಚಾದರೆ ಕೆಲಸ ಇಮ್ಮಡಿಯಾಗುವುದೆಂದರೆ ಇದೇ. ವೇಗದ ಕಂಪ್ಯೂಟರ್ ತಂದರೆ ಸುಧಾರಿಸೀತು ಎನ್ನುವಂತಿಲ್ಲ. ವೇಗ ಸಾವಿರ ಪಟ್ಟು ಹೆಚ್ಚಾದರೂ ನಿಭಾಯಿಸಲಾಗುವುದು ಇನ್ನೊಂದು ಹತ್ತು ಬಿಲ್ಲುಗಳನ್ನು ಮಾತ್ರ.

ಗುಮಾಸ್ತರು ಕೈಲೆಕ್ಕದಲ್ಲಿ ಮಾಡಿದ ಜಾಣತನವನ್ನೇ ಪ್ರೋಗ್ರಾಮಿಗೂ ಕಲಿಸಬಹುದು. ಬಿಲ್ಲುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಕೂಡುತ್ತ ಹೋಗಿ, ಮೊತ್ತ ಗುರಿ ದಾಟಿದೊಡನೆ ಆ ಕವಲನ್ನು ಕಡಿದುಹಾಕಬಹುದು. ಉಳಿದ ಬಿಲ್ಲುಗಳನ್ನೆಲ್ಲ ಕೂಡಿದರೂ ಗುರಿ ಮುಟ್ಟುವುದಿಲ್ಲ ಎಂದು ಗೊತ್ತಾದರೆ ಅದನ್ನೂ ಅಷ್ಟರಲ್ಲೇ ಕೈಬಿಡಬಹುದು. ಹಲವು ಪಟ್ಟಿಗಳಲ್ಲಿ ಇದರಿಂದ ಕೆಲಸ ಗಣನೀಯವಾಗಿ ಇಳಿಯುತ್ತದೆ. ಆದರೆ ಗುರಿ ದಾಟಿದ್ದನ್ನು ಕಡಿಯುವ ಈ ಉಪಾಯದ ಹಿಂದೆ, ಕೂಡುತ್ತ ಹೋದರೆ ಮೊತ್ತ ಏರುತ್ತಲೇ ಇರುತ್ತದೆ ಎಂಬ ನಂಬಿಕೆಯಿದೆ. ಪಟ್ಟಿಯಲ್ಲಿ ಒಂದು ಕ್ರೆಡಿಟ್ ನೋಟ್ ಇದ್ದರೆ, ಅಂದರೆ ವಾಪಸ್ ಬಂದ ಮಾಲಿನ ಋಣ ಮೊತ್ತವಿದ್ದರೆ, ಗುರಿ ದಾಟಿದ ಲೆಕ್ಕ ಮತ್ತೆ ಕೆಳಗಿಳಿಯಬಹುದು. ಕಡಿದುಹಾಕಿದ ಕವಲಿನಲ್ಲೇ ಸರಿಯಾದ ಉತ್ತರ ಇದ್ದಿರಬಹುದು.

ಹೊಸಬರನ್ನು ಕಾಡುವ ಇನ್ನೊಂದು ಸಣ್ಣ ವಿಷಯ ದಶಮಾಂಶದ್ದು. ಕಂಪ್ಯೂಟರ್ ಭಿನ್ನರಾಶಿಗಳನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವುದರಿಂದ 0.1 ಎಂಬುದನ್ನು ನಿಖರವಾಗಿ ಬರೆದುಕೊಳ್ಳಲು ಅದಕ್ಕೆ ಆಗದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿ ನೋಡಿದರೆ ತೆರೆಯ ಮೇಲೆ 0.30000000000000004 ಎಂದು ಬರುತ್ತದೆ. ಇದು 0.3ಕ್ಕೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ರೂಪಾಯಿ-ಪೈಸೆಯ ಲೆಕ್ಕದಲ್ಲಿ ಇಂಥ ಉತ್ತರ ಅನರ್ಥಕಾರಿ. ಎಲ್ಲವನ್ನೂ ಪೈಸೆಗೆ ಇಳಿಸಿ ಪೂರ್ಣಸಂಖ್ಯೆಯಲ್ಲೇ ಕೂಡಿದರೆ ಈ ತೊಂದರೆ ಇಲ್ಲ.

ಕವಲು ಕಡಿಯುವುದಕ್ಕಿಂತ ಸುಂದರವಾದ ದಾರಿ ಇನ್ನೊಂದಿದೆ. ಸೊನ್ನೆಯಿಂದ ಶುರುವಾಗಿ ಒಂದೊಂದು ರೂಪಾಯಿಗೆ ಒಂದೊಂದು ದೀಪದಂತೆ ಉದ್ದನೆಯ ಸಾಲು ಹಚ್ಚಲು ಸಿದ್ಧವಾಗಿದೆ ಎಂದು ಊಹಿಸಿಕೊಳ್ಳಬೇಕು. ಮೊದಲು ಉರಿಯುತ್ತಿರುವುದು ಸೊನ್ನೆಯ ದೀಪ ಒಂದೇ: ಏನನ್ನೂ ಕೂಡದೆಯೂ ಸೊನ್ನೆ ಬರುತ್ತದಲ್ಲ. 1,240ರ ಬಿಲ್ ಬಂದಾಗ, ಉರಿಯುತ್ತಿರುವ ದೀಪದಿಂದ 1,240 ಹೆಜ್ಜೆ ಮುಂದಿನದನ್ನು ಹಚ್ಚಬೇಕು. ಆಗ 0 ಮತ್ತು 1,240 ಉರಿಯುತ್ತವೆ. 865ರ ಬಿಲ್ ಬಂದಾಗ ಎರಡರಿಂದಲೂ 865 ಹೆಜ್ಜೆ ಮುಂದೆ: 865 ಮತ್ತು 2,105 ಹೊತ್ತಿಕೊಳ್ಳುತ್ತವೆ. ಎಂಟೂ ಬಿಲ್ ಮುಗಿದ ಮೇಲೆ 3,670ನೇ ದೀಪದತ್ತ ನೋಡಿದರಾಯಿತು. ಅದು ಉರಿಯುತ್ತಿದ್ದರೆ ಆ ಮೊತ್ತ ಸಾಧ್ಯ, ಇಲ್ಲದಿದ್ದರೆ ಅಸಾಧ್ಯ. ನೂರು ಬಿಲ್ಲಿದ್ದರೂ ದೀಪದ ಸಾಲಿನಲ್ಲಿ ನೂರು ಸಲ ನಡೆದರೆ ಸಾಕು, ಇಮ್ಮಡಿಯ ಕಾಟವಿಲ್ಲ. ಪೈಥಾನ್ ಎಷ್ಟು ದೊಡ್ಡ ಪೂರ್ಣಸಂಖ್ಯೆಯನ್ನಾದರೂ ಹಿಡಿದಿಡಬಲ್ಲದು. ಹಾಗಾಗಿ ಇಡೀ ದೀಪದ ಸಾಲನ್ನು ಒಂದೇ ಭಾರಿ ಸಂಖ್ಯೆಯ ದ್ವಿಮಾನ ಅಂಕಿಗಳಾಗಿ ಬರೆದು, ಪ್ರತಿ ಬಿಲ್ಲಿಗೂ ಆ ಸಂಖ್ಯೆಯನ್ನು ಅಷ್ಟು ಸ್ಥಾನ ಸರಿಸಿ ಹಳೆಯದರೊಂದಿಗೆ ಬೆರೆಸಿದರೆ ಪ್ರೋಗ್ರಾಮ್ ಮೂರ್ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಚಿಕ್ಕ ಪ್ರಶ್ನೆಯ ಉತ್ತರವನ್ನು ನೆನಪಿಟ್ಟುಕೊಂಡು ದೊಡ್ಡದಕ್ಕೆ ಏರುವ ಈ ಕ್ರಮಕ್ಕೆ ‘ಡೈನಮಿಕ್ ಪ್ರೋಗ್ರಾಮಿಂಗ್’ ಎಂದು 1950ರ ದಶಕದಲ್ಲಿ ಹೆಸರಿಟ್ಟವರು ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್‌ಮನ್.

ದೀಪ ಹಚ್ಚುವ ಕೆಲಸದಲ್ಲಿ ಒಂದು ಎಚ್ಚರ ಬೇಕು. ಸೊನ್ನೆಯ ಕಡೆಯಿಂದ ನಡೆಯುತ್ತ ಹಚ್ಚಿದರೆ, ಈಗಷ್ಟೇ ಹಚ್ಚಿದ ದೀಪವೇ ಮುಂದೆ ಎದುರಾಗಿ ಅದರಿಂದ ಮತ್ತೊಂದು ಹೊತ್ತಿಕೊಳ್ಳುತ್ತದೆ. ಒಂದೇ ಬಿಲ್ ಎರಡು, ಮೂರು ಸಲ ಲೆಕ್ಕಕ್ಕೆ ಬಂದುಬಿಡುತ್ತದೆ. ಅದಕ್ಕಾಗಿ ಸಾಲಿನ ತುದಿಯಿಂದ ಸೊನ್ನೆಯತ್ತ ಹಿಮ್ಮುಖವಾಗಿ ನಡೆಯಬೇಕು. ಸೊಗಸೆಂದರೆ, ಬಿಲ್ಲಿನ ಲೆಕ್ಕದಲ್ಲಿ ತಪ್ಪಾದ ಆ ಮುಮ್ಮುಖ ನಡಿಗೆಯೇ ಚಿಲ್ಲರೆ ಲೆಕ್ಕದಲ್ಲಿ ಸರಿ. ಅಲ್ಲಿ ಒಂದೇ ಬೆಲೆಯ ನಾಣ್ಯವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ದೀಪದ ಜಾಗದಲ್ಲಿ ‘ಇಲ್ಲಿಗೆ ಎಷ್ಟು ದಾರಿಗಳಲ್ಲಿ ಬರಬಹುದು’ ಎಂಬ ಸಂಖ್ಯೆಯನ್ನೇ ಬರೆಯುತ್ತ ಹೋದರೆ, 1, 2, 5 ಮತ್ತು 10 ರೂಪಾಯಿ ನಾಣ್ಯಗಳಿಂದ ಹತ್ತು ರೂಪಾಯಿ ಚಿಲ್ಲರೆ ಕೊಡಲು 11 ದಾರಿಗಳಿವೆ ಎಂದು ತಿಳಿಯುತ್ತದೆ.

ನಾಣ್ಯಗಳಿಗೆ ಬದಲು 1, 2, 3, 4 ಎಂದು ಎಲ್ಲ ಸಂಖ್ಯೆಗಳನ್ನೂ ಬಿಟ್ಟುಕೊಟ್ಟರೆ ಅದೇ ಪ್ರೋಗ್ರಾಮ್ ಶ್ರೀನಿವಾಸ ರಾಮಾನುಜನ್ ಅವರ ಅಂಗಳಕ್ಕೆ ಬಂದು ನಿಲ್ಲುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಡೆದು ಕೂಡಬಹುದು? 4ಕ್ಕೆ ಐದು ಬಗೆ. 100ಕ್ಕೆ 19,05,69,292. ಜಿ.ಎಚ್. ಹಾರ್ಡಿ ಮತ್ತು ರಾಮಾನುಜನ್ 1918ರಲ್ಲಿ ಪ್ರಕಟಿಸಿದ ಸೂತ್ರವನ್ನು ಒರೆಗೆ ಹಚ್ಚಲು ನೆರವಾದದ್ದು ಮೇಜರ್ ಪರ್ಸಿ ಮ್ಯಾಕ್‌ಮಹನ್ ಕೈಯಿಂದಲೇ ಲೆಕ್ಕ ಹಾಕಿದ್ದ 200ರವರೆಗಿನ ಪಟ್ಟಿ. ಅದರ ಕೊನೆಯ ಸಂಖ್ಯೆ 39,72,99,90,29,388. ಇಂದು ಪದವಿ ತರಗತಿಯ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಆ ಸಂಖ್ಯೆಯನ್ನು ಎಂಟರ್ ಒತ್ತಿದ ಬೆರಳು ಮೇಲೇಳುವ ಮೊದಲೇ ತೋರಿಸುತ್ತದೆ. ಕಾಗದ-ಪೆನ್ನು ಹಿಡಿದು ಅಷ್ಟು ದೂರ ತಪ್ಪಿಲ್ಲದೆ ನಡೆದ ಮೇಜರ್ ಅವರ ತಾಳ್ಮೆ, ಈ ಪ್ರೋಗ್ರಾಮ್ ಬರೆದು ನೋಡಿದವರಿಗೆ ಇನ್ನೂ ಹೆಚ್ಚು ಅರ್ಥವಾಗುತ್ತದೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ತಯಾರಾಗುವ ಹುಡುಗ ಹುಡುಗಿಯರಿಗೆ ಈ ಸಮಸ್ಯೆಯ ಪುಟ್ಟ ರೂಪ ಚಿರಪರಿಚಿತ. ಅಭ್ಯಾಸಕ್ಕೆಂದು ಹಲವರು ತೆರೆಯುವ ಲೀಟ್‌ಕೋಡ್‌ನಲ್ಲಿ ಮೊಟ್ಟಮೊದಲ ಪ್ರಶ್ನೆಯೇ ‘ಟೂ ಸಮ್’: ಪಟ್ಟಿಯಲ್ಲಿ ಯಾವ ಎರಡು ಸಂಖ್ಯೆ ಕೂಡಿದರೆ ಗುರಿ ಸಿಗುತ್ತದೆ? ಎಲ್ಲ ಜೋಡಿಗಳನ್ನೂ ಪರೀಕ್ಷಿಸುವುದು ದಡ್ಡ ದಾರಿ. ಒಂದೊಂದೇ ಸಂಖ್ಯೆ ನೋಡುತ್ತ, ಗುರಿಯಿಂದ ಅದನ್ನು ಕಳೆದಾಗ ಉಳಿಯುವುದನ್ನು ಈಗಾಗಲೇ ಕಂಡಿದ್ದೇವೆಯೇ ಎಂದು ನೆನಪಿನ ಪಟ್ಟಿಯಲ್ಲಿ ಹುಡುಕುವುದು ಜಾಣ ದಾರಿ. ಒಂದೇ ಸುತ್ತಿನಲ್ಲಿ ಮುಗಿಯುತ್ತದೆ.

ಎಲಿಸ್ ಹೊರೊವಿಟ್ಜ್ ಮತ್ತು ಸರ್ತಾಜ್ ಸಾಹ್ನಿ 1974ರಲ್ಲಿ ಪ್ರಕಟಿಸಿದ ಉಪಾಯದ ತಿರುಳೂ ಇದಕ್ಕೆ ಹತ್ತಿರದ್ದು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡೇಟಾ ಸ್ಟ್ರಕ್ಚರ್ ಓದಿದವರಿಗೆ ಈ ಎರಡು ಹೆಸರುಗಳು ಪುಸ್ತಕದ ಬೆನ್ನಿನ ಮೇಲೆ ಕಂಡು ಗೊತ್ತು. ಸಾಹ್ನಿ ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕಕ್ಕೆ ಹೋದವರು. ಅವರಿಬ್ಬರ ದಾರಿಯಲ್ಲಿ 40 ಬಿಲ್ಲುಗಳನ್ನು ಇಪ್ಪತ್ತು-ಇಪ್ಪತ್ತರ ಎರಡು ಪಾಲು ಮಾಡಬೇಕು. ಪ್ರತಿ ಪಾಲಿನ ಎಲ್ಲ ಜೋಡಣೆಗಳ ಮೊತ್ತ ಬರೆದುಕೊಂಡರೆ ಹತ್ತೂವರೆ ಲಕ್ಷದಂತೆ ಎರಡು ಪಟ್ಟಿ. ಎಡಪಟ್ಟಿಯ ಪ್ರತಿ ಮೊತ್ತಕ್ಕೂ ಗುರಿ ತಲುಪಲು ಎಷ್ಟು ಕಡಿಮೆ ಬಿತ್ತೋ ಅಷ್ಟು ಬಲಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಮುಗಿಯಿತು. 1.1 ಲಕ್ಷ ಕೋಟಿಯಷ್ಟಿದ್ದ ಜೋಡಣೆಗಳ ಬದಲು ಸುಮಾರು 21 ಲಕ್ಷ ಮೊತ್ತಗಳ ಲೆಕ್ಕ. 30 ಗಂಟೆಯ ಕೆಲಸ ಕೆಲವೇ ಸೆಕೆಂಡಿಗೆ ಇಳಿಯುತ್ತದೆ. ನೂರು ಬಿಲ್ಲು ಬಂದರೆ ಇದೂ ಸೋಲುತ್ತದೆ, ನಿಜ. ಆದರೆ ಪಾಲು ಮಾಡಿದ ಮಾತ್ರಕ್ಕೆ ಇಷ್ಟು ಹಗುರವಾಗುವುದನ್ನು ಮೊದಲ ಸಲ ಕಂಡಾಗ ಆಗುವ ಬೆರಗು ಬಹಳ ದಿನ ಉಳಿಯುತ್ತದೆ.

ಎಷ್ಟೇ ಬಿಲ್ಲಿರಲಿ, ಎಷ್ಟೇ ದೊಡ್ಡ ಮೊತ್ತವಿರಲಿ, ಸದಾ ಬೇಗ ಉತ್ತರ ಕೊಡುವ ದಾರಿ ಇದೆಯೇ? 1972ರಲ್ಲಿ ರಿಚರ್ಡ್ ಕಾರ್ಪ್ ಪರಸ್ಪರ ಬೆಸೆದುಕೊಂಡ 21 ಕಠಿಣ ಸಮಸ್ಯೆಗಳ ಪಟ್ಟಿ ಕೊಟ್ಟರು. ಗುರಿ ಮೊತ್ತದ ಈ ಸಮಸ್ಯೆ ‘ನ್ಯಾಪ್‌ಸ್ಯಾಕ್’ ಎಂಬ ಹೆಸರಿನಲ್ಲಿ ಅದರಲ್ಲಿದೆ. ಅವುಗಳಲ್ಲಿ ಒಂದಕ್ಕೆ ಶೀಘ್ರದ ದಾರಿ ಸಿಕ್ಕರೆ ಇಪ್ಪತ್ತೊಂದಕ್ಕೂ, ಅವುಗಳ ಜಾತಿಯ ಇನ್ನೆಷ್ಟೋ ಸಮಸ್ಯೆಗಳಿಗೂ ಸಿಕ್ಕಂತೆ. ಅಂಥ ದಾರಿ ಇದೆಯೆಂದಾಗಲಿ ಇಲ್ಲವೆಂದಾಗಲಿ ಸಾಧಿಸಿದವರಿಗೆ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಘೋಷಿಸಿದ ಹತ್ತು ಲಕ್ಷ ಡಾಲರ್ ಬಹುಮಾನ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ರಾಂಡಲ್ ಮನ್ರೋ ಅವರ ಎಕ್ಸ್‌ಕೆಸಿಡಿ ಚಿತ್ರಪಟ್ಟಿಯೊಂದರಲ್ಲಿ ಹೋಟೆಲಿಗೆ ಬಂದವರು ಸರಿಯಾಗಿ 15.05 ಡಾಲರ್‌ ಆಗುವಷ್ಟು ತಿಂಡಿ ಕೊಡಿ ಎಂದು ಮಾಣಿಯನ್ನು ಕೇಳುತ್ತಾರೆ. ಆ ಮೆನುವಿನಲ್ಲಿ 2.15 ಡಾಲರಿನ ಹಣ್ಣಿನ ತಟ್ಟೆ ಏಳು ತರಿಸಿದರೂ ಲೆಕ್ಕ ಸರಿ, ಹಣ್ಣಿನ ತಟ್ಟೆಯೂ ಸೇರಿದಂತೆ ಮೂರು ಬಗೆಯನ್ನು ಬೆರೆಸಿ ನಾಲ್ಕು ತಟ್ಟೆ ತರಿಸಿದರೂ ಸರಿ. ಅಲ್ಲಿಯೂ ಉತ್ತರ ಎರಡು!

ದೀಪದ ಸಾಲು ಇದ್ದರೂ ಸಮಸ್ಯೆ ಕಠಿಣವೇಕೆ ಎನಿಸಬಹುದು. ದೀಪಗಳ ಎಣಿಕೆ ಬಿಲ್ಲುಗಳ ಮೊತ್ತದಷ್ಟು. ಕೆಲವು ಸಾವಿರ ರೂಪಾಯಿಯ ಬಿಲ್ಲುಗಳಿಗೆ, ಪೈಸೆಗೆ ಇಳಿಸಿದರೂ, ಹತ್ತಿಪ್ಪತ್ತು ಲಕ್ಷ ದೀಪ ಸಾಕು. ಬಿಲ್ಲಿನ ಜಾಗದಲ್ಲಿ ಅರವತ್ತು ಅಂಕಿಯ ಸಂಖ್ಯೆಗಳು ಬಂದರೆ ಅಷ್ಟು ದೀಪಕ್ಕೆ ಭೂಮಿಯ ಮೇಲೆ ಜಾಗವಿಲ್ಲ.

ಈ ಕಷ್ಟವನ್ನೇ ಬೀಗವಾಗಿ ಬಳಸಲು 1978ರಲ್ಲಿ ರಾಲ್ಫ್ ಮರ್ಕಲ್ ಮತ್ತು ಮಾರ್ಟಿನ್ ಹೆಲ್‌ಮನ್ ಮುಂದಾದರು. ಗುಟ್ಟಿನ ಸಂದೇಶದ ಪ್ರತಿ ದ್ವಿಮಾನ ಅಂಕಿ ಒಂದೊಂದು ದೊಡ್ಡ ಸಂಖ್ಯೆಯನ್ನು ಸೇರಿಸು ಅಥವಾ ಬಿಡು ಎನ್ನುತ್ತದೆ. ಕಳಿಸುವುದು ಮೊತ್ತವನ್ನು ಮಾತ್ರ. ಮೊತ್ತದಿಂದ ಭಾಗಗಳನ್ನು ಹುಡುಕಲು ಕದ್ದು ನೋಡುವವನಿಗೆ ಯುಗಗಳೇ ಬೇಕು, ಸಂದೇಶ ತಲುಪಬೇಕಾದವನಿಗೆ ಮಾತ್ರ ಅದು ಸುಲಭವಾಗಬೇಕು ಮತ್ತು ಉತ್ತರ ಒಂದೇ ಇರಬೇಕು. ಅದಕ್ಕೆ ಅವರು ಬಳಸಿದ್ದು 2, 3, 7, 14, 30ರಂಥ ಸಾಲು. ಇದರಲ್ಲಿ ಪ್ರತಿ ಸಂಖ್ಯೆಯೂ ತನ್ನ ಹಿಂದಿನವೆಲ್ಲ ಕೂಡಿದ್ದಕ್ಕಿಂತ ದೊಡ್ಡದು. 39 ಬೇಕೆಂದರೆ 30 ಬರಲೇಬೇಕು, ಉಳಿದ 9ಕ್ಕೆ 7 ಬರಲೇಬೇಕು, ಕೊನೆಗೆ 2. ಬೇರೆ ದಾರಿಯೇ ಇಲ್ಲ. ಈ ಸಾಲನ್ನು ಗುಣಿಸಿ, ಶೇಷ ತೆಗೆದು, ಗುರುತು ಸಿಗದಂತೆ ವೇಷ ಹಾಕಿಸಿ ಬಹಿರಂಗ ಮಾಡುತ್ತಿದ್ದರು. 1982ರಲ್ಲಿ ಆದಿ ಶಮೀರ್ ಆ ವೇಷವನ್ನು ಕಳಚಿದರು. ಮರ್ಕಲ್ ಇಟ್ಟಿದ್ದ ನೂರು ಡಾಲರ್ ಪಣ ಅವರ ಪಾಲಾಯಿತು. ವೇಷದ ಮೇಲೆ ವೇಷ ಹಾಕಿದ ಬೀಗವನ್ನು 1984ರಲ್ಲಿ ಅರ್ನೆಸ್ಟ್ ಬ್ರಿಕೆಲ್ ಮುರಿದರು. ಶಮೀರ್ ಮುರಿದದ್ದು ವೇಷವನ್ನಷ್ಟೇ. ಒಳಗಿನ ಮೂಲ ಸಮಸ್ಯೆ ಇವತ್ತಿಗೂ ಅಷ್ಟೇ ಗಟ್ಟಿ.

ಬೀಗದ ಲೆಕ್ಕದಲ್ಲಿ ಉತ್ತರ ಒಂದೇ ಇರುವಂತೆ ಸಂಖ್ಯೆಗಳನ್ನು ಹೆಣೆಯಬಹುದು. ಬಿಲ್ಲುಗಳನ್ನು ಯಾರೂ ಹಾಗೆ ಹೆಣೆದು ಬರೆಯುವುದಿಲ್ಲ. ಸರಾಸರಿ 2,000 ರೂಪಾಯಿಯ 20 ಬಿಲ್ಲುಗಳಿದ್ದರೆ ಅವುಗಳ ಒಟ್ಟು 40,000. ಜೋಡಣೆಗಳು ಹತ್ತು ಲಕ್ಷಕ್ಕೂ ಹೆಚ್ಚು, ಅವೆಲ್ಲ ಸೊನ್ನೆಯಿಂದ 40,000ದೊಳಗಿನ ಮೊತ್ತಗಳಲ್ಲೇ ಬಂದು ಕೂರಬೇಕು. ಪೂರ್ಣ ರೂಪಾಯಿಯ ಒಂದೊಂದು ಮೊತ್ತಕ್ಕೆ ಸರಾಸರಿ 26 ಜೋಡಣೆಗಳು, ನಡುವಿನ ಮೊತ್ತಗಳಿಗೆ ಇನ್ನೂ ಹೆಚ್ಚು. ಇಲ್ಲಿ ಪ್ರೋಗ್ರಾಮ್ ಒಂದು ಉತ್ತರ ಹುಡುಕಿ ಕೊಟ್ಟರೆ ಅದು ಸರಿಯಾದ ಉತ್ತರವಾಗಿರುವ ಸಂಭವ ಎಷ್ಟು ಕಡಿಮೆ! ಪೈಸೆಗಳು ಉಳಿದಿದ್ದರೆ ಪರಿಸ್ಥಿತಿ ಬೇರೆ. ಸಾಧ್ಯ ಮೊತ್ತಗಳು 40 ಲಕ್ಷಕ್ಕೆ ಏರುತ್ತವೆ, ಆಕಸ್ಮಿಕವಾಗಿ ತಾಳೆಯಾಗುವುದು ವಿರಳವಾಗುತ್ತದೆ. ಜಿಎಸ್‌ಟಿ ಸೇರಿದಾಗ ಬರುವ 37 ಪೈಸೆ, 82 ಪೈಸೆಗಳನ್ನು ಕಿರಿಕಿರಿ ಎಂದು ‘ರೌಂಡ್ ಆಫ್’ ಮಾಡುತ್ತಾರೆ. ಬಿಲ್ಲನ್ನು ಗುರುತಿಸಲು ನೆರವಾಗಬಹುದಾಗಿದ್ದ ಸುಳಿವು ಅಲ್ಲಿಗೆ ಅಳಿಸಿಹೋಗುತ್ತದೆ.

ಆದ್ದರಿಂದ ಇಂಥ ಪ್ರೋಗ್ರಾಮ್ ಬರೆಯುವವರು ಮೊದಲ ಉತ್ತರಕ್ಕೆ ನಿಲ್ಲದೆ ಎಲ್ಲವನ್ನೂ ಮುದ್ರಿಸಬೇಕು. ತೀರಾ ಹೆಚ್ಚಿದ್ದರೆ ಎಷ್ಟಿವೆ ಎಂದಾದರೂ ಹೇಳಬೇಕು. ಹಳೆಯ ಬಿಲ್ಲುಗಳು ಮೊದಲು ತೀರುವುದು ವಾಡಿಕೆಯಾದ್ದರಿಂದ ಆ ಕ್ರಮದಲ್ಲಿ ಉತ್ತರಗಳನ್ನು ಜೋಡಿಸಿದರೆ ಇನ್ನೂ ಒಳ್ಳೆಯದು. ಉಳಿದದ್ದು ಫೋನಿನ ಕೆಲಸ. ‘ಅಣ್ಣಾ, ಮೊನ್ನೆ ಹಾಕಿದ 3,670 ಯಾವ ಬಿಲ್ಲಿಂದು?’ ಎಂದು ಗುಮಾಸ್ತರು ಕೇಳಿದರೆ ಅರ್ಧ ನಿಮಿಷದಲ್ಲಿ ತಿಳಿಯುವ ಸಂಗತಿ, ಎಂಟು ಸಂಖ್ಯೆಗಳನ್ನು ಎಷ್ಟು ಸಲ ತಿರುವಿಹಾಕಿದರೂ ಅವುಗಳೊಳಗೆ ಇಲ್ಲ.

ಒಂದೇ ಮೊತ್ತಕ್ಕೆ ಹಲವು ಉತ್ತರವಿರುವ ಲೆಕ್ಕ ಕನ್ನಡ ನೆಲಕ್ಕೆ ಹೊಸತೂ ಅಲ್ಲ. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲೇ ಕೊಂಡಾಡುವ ಗ್ರಂಥ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಕಾಲ ಸುಮಾರು ಕ್ರಿ.ಶ. 850, ಭಾಷೆ ಸಂಸ್ಕೃತ. 1912ರಲ್ಲಿ ಮದರಾಸಿನಿಂದ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಇದು ಅಚ್ಚಾಯಿತು. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ, ನಮ್ಮ ಶಾಲೆಗಳಲ್ಲಿ ‘ವಿಕಲ್ಪ’ ಎಂದು ಕಲಿಸುವ ಲೆಕ್ಕಕ್ಕೆ, ಸಾಮಾನ್ಯ ಸೂತ್ರ ಇದರಲ್ಲಿದೆ. ಹಕ್ಕಿಗಳ ಒಂದು ಲೆಕ್ಕವೂ ಇದೆ. ಪಾರಿವಾಳ ಮೂರು ಪಣಕ್ಕೆ ಐದು, ಸಾರಸ ಐದು ಪಣಕ್ಕೆ ಏಳು, ಹಂಸ ಏಳು ಪಣಕ್ಕೆ ಒಂಬತ್ತು, ನವಿಲು ಒಂಬತ್ತು ಪಣಕ್ಕೆ ಮೂರು. ಅರಸುಮಗನ ವಿನೋದಕ್ಕಾಗಿ ನೂರು ಪಣಕ್ಕೆ ನೂರು ಹಕ್ಕಿ ತರಬೇಕು.

ಇಲ್ಲಿ ಗುರಿ ಎರಡು, ಹಣವೂ ನೂರು, ಹಕ್ಕಿಯೂ ನೂರು. ಕಂತೆ ಒಡೆಯದೆ ಕೊಳ್ಳಬೇಕೆಂದುಕೊಂಡರೆ ಒಂದರೊಳಗೊಂದು ನಾಲ್ಕು ಲೂಪ್ ಹಾಕಿದ ಪ್ರೋಗ್ರಾಮ್ 45,360 ಜೋಡಣೆಗಳನ್ನು ಪರೀಕ್ಷಿಸಿ ಉತ್ತರ ಕೊಡುತ್ತದೆ. ಸ್ವಲ್ಪ ಯೋಚಿಸಿದರೆ ಲೂಪುಗಳೇ ಬೇಡ. ಪಾರಿವಾಳ, ಸಾರಸ, ಹಂಸ ಯಾವುದರ ಒಂದು ಕಂತೆ ಕೊಂಡರೂ ಪಣಕ್ಕಿಂತ ಹಕ್ಕಿ ಎರಡು ಹೆಚ್ಚು. ನವಿಲಿನ ಒಂದು ಕಂತೆಗೆ ಹಕ್ಕಿಗಿಂತ ಪಣ ಆರು ಹೆಚ್ಚು. ಎರಡೂ ನೂರಕ್ಕೇ ನಿಲ್ಲಬೇಕಾದರೆ ನವಿಲಿನ ಪ್ರತಿ ಕಂತೆಗೆ ಉಳಿದವುಗಳ ಮೂರು ಕಂತೆ ಬರಬೇಕು. ನವಿಲು ಮೂರು ಕಂತೆಯಾದರೆ ಉಳಿದ ಒಂಬತ್ತು ಕಂತೆಗಳಲ್ಲಿ 91 ಹಕ್ಕಿ ತುಂಬಬೇಕು, ಎಲ್ಲವೂ ಹಂಸವಾದರೂ 81 ದಾಟುವುದಿಲ್ಲ. ಆರು ಕಂತೆಯಾದರೆ ಹದಿನೆಂಟು ಕಂತೆಗಳಲ್ಲಿ 82 ಹಕ್ಕಿ, ಎಲ್ಲವೂ ಪಾರಿವಾಳವಾದರೂ 90 ಆಗಿಬಿಡುತ್ತದೆ. ಹಾಗಾಗಿ ನವಿಲು ನಾಲ್ಕು ಕಂತೆ ಅಥವಾ ಐದು.

ಯಾವುದಾದರೂ ಒಂದು ಜಾತಿಯನ್ನು ಬಿಟ್ಟರೂ ನಡೆದೀತು ಎಂದರೆ ಒಟ್ಟು ಒಂಬತ್ತು ಉತ್ತರಗಳು. ನಾಲ್ಕೂ ಜಾತಿಯ ಹಕ್ಕಿ ಇರಲೇಬೇಕೆಂದರೆ ಆರು. ಆ ಆರರಲ್ಲಿ ನಾಲ್ಕು ಉತ್ತರಗಳಲ್ಲಿ 12 ನವಿಲು, ಎರಡರಲ್ಲಿ 15. ಅರಸುಮಗನಿಗೆ ನವಿಲೇ ಹೆಚ್ಚು ಇಷ್ಟವೆಂದು ಸಂತೆಗೆ ಹೊರಟವನಿಗೆ ಮೊದಲೇ ಯಾರಾದರೂ ಹೇಳಿದ್ದರೆ ಅವನು ಎರಡು ಪಟ್ಟಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು: 60 ಪಾರಿವಾಳ, 7 ಸಾರಸ, 18 ಹಂಸ, 15 ನವಿಲು, ಇಲ್ಲವೇ 55 ಪಾರಿವಾಳ, 21 ಸಾರಸ, 9 ಹಂಸ, 15 ನವಿಲು.